ಅಜ್ಜನ ಕಾಲ್ಮಾತ್ರೆ

2024ರ ಮಾರ್ಚ್‌ನಲ್ಲಿ ಅಪ್ಪನಿಗೆ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿ ನಾಲ್ಕನೇ ದಿನ ಮನೆಗೆ ಕಳಿಸಿದರು. ಜೊತೆಗೆ ಕೊಟ್ಟ ಚೀಟಿಯಲ್ಲಿ ಏಳು ಮಾತ್ರೆಗಳ ಹೆಸರಿತ್ತು. ಪಿಎಚ್‌ಡಿ ಅಂದರೆ ಡಾಕ್ಟರಿಕೆಯ ಪಕ್ಕದ ಯಾವುದೋ ಓಣಿ ಎಂದು ಇವತ್ತಿಗೂ ನಂಬಿರುವ ಅಮ್ಮ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟು, ‘ಯಾವುದು ಯಾವಾಗ ಅಂತ ದೊಡ್ಡಕ್ಷರದಲ್ಲಿ ಬರೆದುಕೊಡು’ ಅಂದಳು. ನಾನು ಇತಿಹಾಸದ ವಿದ್ಯಾರ್ಥಿನಿ. ಹಳೆಯ ದಫ್ತರಗಳ ಮೋಡಿ ಅಕ್ಷರವನ್ನೇ ಓದಿದವಳಿಗೆ ಡಾಕ್ಟರ ಕೈಬರಹ ಕಷ್ಟವಾಗಲಿಲ್ಲ. ರಕ್ತ ತೆಳುವಾಗಿಸುವ ಎರಡು, ಕೊಲೆಸ್ಟರಾಲಿಗೊಂದು, ಬಿಪಿಗೆರಡು ಎಂದು ಬರೆಯುತ್ತ ಹೋದೆ. ಆರನೆಯ ಸಾಲಿಗೆ ಬಂದಾಗ ಕೈ ನಿಂತಿತು. ‘ಕಾಲ್ಚಿಸಿನ್ 0.5 ಮಿ.ಗ್ರಾಂ., ದಿನಕ್ಕೊಂದು.’

ಆ ಹೆಸರು ನನಗೆ ಗೊತ್ತಿತ್ತು. ಅದು ಅಜ್ಜನ ಮಾತ್ರೆ. ಅಜ್ಜನಿಗೆ ಗೌಟ್ ಇತ್ತು. ವರ್ಷಕ್ಕೆ ಎರಡು ಮೂರು ಸಲ, ಯಾವಾಗಲೂ ಮಧ್ಯರಾತ್ರಿ ಕಳೆದ ಮೇಲೆ, ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆಯ ಅಂಚು ತಾಗಿದರೂ ಕೂಗುವಂತಾಗುತ್ತಿತ್ತು. ಆಗ ಗೂಡಿನಲ್ಲಿದ್ದ ತಗಡಿನ ಡಬ್ಬಿಯಿಂದ ಒಂದು ಪುಟ್ಟ ಮಾತ್ರೆ, ಒಂದು ತಾಸು ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ‘ನೋವು ನಿಲ್ಲಬೇಕು, ಇಲ್ಲ ಹೊಟ್ಟೆ ಕೆಡಬೇಕು, ಅಲ್ಲಿವರೆಗೆ ನುಂಗು’ ಎಂದು ಊರಿನ ಹಳೆಯ ಡಾಕ್ಟರು ಹೇಳಿಕೊಟ್ಟಿದ್ದರಂತೆ. ಸಾಮಾನ್ಯವಾಗಿ ಎರಡೂ ಒಟ್ಟಿಗೇ ಆಗುತ್ತಿತ್ತು. ಹೆಸರಿನ ಮೊದಲಲ್ಲೇ ‘ಕಾಲ್’ ಇದ್ದದ್ದರಿಂದ ಅದು ಕಾಲಿಗೆಂದೇ ಮಾಡಿದ ಮಾತ್ರೆ ಎಂದು ಅಜ್ಜ ತಿಳಿದಿದ್ದರು. ಮನೆಯಲ್ಲಿ ಅದರ ಹೆಸರು ಕಾಲ್ಮಾತ್ರೆ.

ಅಪ್ಪನ ಕಾಲಿಗೆ ಏನೂ ಆಗಿರಲಿಲ್ಲ. ಚೀಟಿ ಬರೆದವರು ಎಲ್ಲೋ ತಪ್ಪಿದ್ದಾರೆ ಎಂದುಕೊಂಡು ಫೋನು ಮಾಡಿದೆ. ಆ ಕಡೆಯಿದ್ದ ಕಿರಿಯ ವೈದ್ಯೆ ತಾಳ್ಮೆಯಿಂದಲೇ ಹೇಳಿದರು: ‘ತಪ್ಪಿಲ್ಲ. ಹಳೇ ಗೌಟಿನ ಔಷಧವೇ. ಈಗ ಹೃದಯಕ್ಕೂ ಕೊಡ್ತೀವಿ.’ ಆ ‘ಈಗ’ ಎಂಬ ಪದದ ಹಿಂದೆ ಬಿದ್ದು ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಎರಡು ತಿಂಗಳು ಹಿಂದೆ ಬಿತ್ತು.

ಕಾಲ್ಚಿಸಿನ್ ಎಂಬ ಹೆಸರಿಗೂ ನಮ್ಮ ಕಾಲಿಗೂ ಸಂಬಂಧವಿಲ್ಲ. ಅದು ಬಂದದ್ದು ಕಪ್ಪುಸಮುದ್ರದ ಪೂರ್ವ ದಂಡೆಯ ಕೊಲ್ಖಿಸ್ ಎಂಬ ಪ್ರಾಚೀನ ನಾಡಿನಿಂದ, ಅಂದರೆ ಈಗಿನ ಜಾರ್ಜಿಯಾದಿಂದ. ಗ್ರೀಕ್ ಪುರಾಣದಲ್ಲಿ ವಿಷ ಬಲ್ಲ ಮೀಡಿಯಾಳ ತವರು ಅದು. ಶರತ್ಕಾಲದಲ್ಲಿ, ಎಲೆಯೇ ಇಲ್ಲದ ಬರಿನೆಲದಿಂದ ತಿಳಿನೇರಳೆ ಹೂವೊಂದು ನೇರ ಮೇಲೆದ್ದು ನಿಲ್ಲುವ ಗಿಡ. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೆಸ್ ತನ್ನ ಸಸ್ಯಗ್ರಂಥದಲ್ಲಿ ಇದನ್ನು ವರ್ಣಿಸಿದ್ದು ಔಷಧವೆಂದಲ್ಲ, ಎಚ್ಚರಿಕೆಯೆಂದು. ಇದರ ಗಡ್ಡೆ ರುಚಿಯಾಗಿರುತ್ತದೆ, ಗೊತ್ತಿಲ್ಲದವರು ತಿನ್ನುವ ಗಡ್ಡೆಯೆಂದು ಅಗೆದು ತಿಂದಾರು, ವಿಷದ ಅಣಬೆ ತಿಂದವರಂತೆ ಉಸಿರುಕಟ್ಟಿ ಸತ್ತಾರು ಎನ್ನುವುದು ಅವನ ಆತಂಕ.

ಇದೇ ಜಾತಿಯ ಗಡ್ಡೆಯನ್ನು ಕೀಲುನೋವಿಗೆ ಕೊಟ್ಟವರಲ್ಲಿ ನಮಗೆ ಸ್ಪಷ್ಟವಾಗಿ ಸಿಗುವ ಮೊದಲ ಹೆಸರು ಆರನೆಯ ಶತಮಾನದ ಅಲೆಕ್ಸಾಂಡರ್, ಟ್ರಾಲೆಸ್ ಪಟ್ಟಣದವನು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಕಾನ್‌ಸ್ಟಾಂಟಿನೋಪಲ್ಲಿನ ಹಾಗಿಯಾ ಸೋಫಿಯಾ ಕಟ್ಟಿದ ಅಂತೇಮಿಯಸ್. ಒಂದೇ ಮನೆಯಿಂದ ಒಬ್ಬ ಆ ಮಹಾ ಗುಮ್ಮಟವನ್ನೂ ಇನ್ನೊಬ್ಬ ಹೆಬ್ಬೆರಳ ಮದ್ದನ್ನೂ ಬಿಟ್ಟುಹೋದರು. ಅಲ್ಲಿಂದ ಅರಬ್ ವೈದ್ಯರ ಕೈಗೆ ಹೋದ ಮೇಲೆ ಅದರ ಹೆಸರು ಸುರಂಜಾನ್. ನಮ್ಮ ಯುನಾನಿ ಅಂಗಡಿಗಳಲ್ಲಿ ಈಗಲೂ ಆ ಹೆಸರು ಚಾಲ್ತಿಯಲ್ಲಿದೆ. ಕಾಶ್ಮೀರದ ಕಡೆ ಬೆಳೆಯುವ ಅದರ ಸೋದರ ಸಸ್ಯದ ಗಡ್ಡೆ ಅದು.

ಯುರೋಪಿನಲ್ಲಿ ಮಾತ್ರ ಅದು ನಡುವೆ ನೂರಾರು ವರ್ಷ ಮೂಲೆಗೆ ಬಿತ್ತು. ಭೇದಿಯ ಭಯ, ಸಾವಿನ ಭಯ. ಹದಿನೇಳನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ತಾನೇ ಗೌಟಿನಿಂದ ನರಳುತ್ತ ಆ ರೋಗದ ಬಗ್ಗೆ 1683ರಲ್ಲಿ ಪುಸ್ತಕ ಬರೆದ. ಆದರೂ ಹೊಟ್ಟೆ ತೊಳೆಯುವ ಮದ್ದುಗಳನ್ನು ಹತ್ತಿರ ಸೇರಿಸಲಿಲ್ಲ. 1763ರಲ್ಲಿ ವಿಯೆನ್ನಾದ ಆಂಟನ್ ಫಾನ್ ಸ್ಟೋರ್ಕ್ ಅದನ್ನು ಮತ್ತೆ ಹೊರತೆಗೆದ, ಅದೂ ಗೌಟಿಗಲ್ಲ, ಜಲೋದರಕ್ಕೆ. ಆ ಶತಮಾನದ ಕೊನೆಗೆ ಹ್ಯೂಸನ್ ಎಂಬ ಫ್ರೆಂಚ್ ಸೇನಾಧಿಕಾರಿ ‘ಔಷಧ ಜಲ’ ಎಂಬ ಹೆಸರಿನಲ್ಲಿ ಒಂದು ಗುಟ್ಟಿನ ದ್ರವ ಮಾರತೊಡಗಿದ. ಅದರಲ್ಲೇನಿದೆ ಎಂದು ಅವನು ಹೇಳಲಿಲ್ಲ. ಆದರೆ ಗೌಟ್ ಇಳಿಯುತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್, ಅಂದರೆ ಆ ಕಾಲದ ವಿಜ್ಞಾನದ ದೊಡ್ಡ ಯಜಮಾನ, ಕಾಲು ನೋವು ತಾಳಲಾರದೆ ಈ ಗುಟ್ಟಿನ ನೀರನ್ನೇ ಕುಡಿದ. 1814ರಲ್ಲಿ ಜಾನ್ ವಾಂಟ್ ಎಂಬ ಶಸ್ತ್ರವೈದ್ಯ ಅದರಲ್ಲಿರುವುದು ಅದೇ ಹಳೆಯ ಕಾಲ್ಚಿಕಮ್ ಗಡ್ಡೆಯೆಂದು ಹೊರಗೆಡಹಿದ. 1820ರಲ್ಲಿ, ಕ್ವಿನೈನ್ ಬೇರ್ಪಡಿಸಿದ ವರ್ಷವೇ, ಅದೇ ಜೋಡಿ ಪೆಲೆಟಿಯೆ ಮತ್ತು ಕಾವಾಂತು ಈ ಗಡ್ಡೆಯಿಂದಲೂ ಸಾರ ತೆಗೆದರು. ಅದಕ್ಕೆ ಕಾಲ್ಚಿಸಿನ್ ಎಂದು ಹೆಸರಿಟ್ಟದ್ದು ಜರ್ಮನಿಯ ಗೈಗರ್, 1833ರಲ್ಲಿ.

ಇಲ್ಲಿಗೆ ಬರುವ ಹೊತ್ತಿಗೆ ಮದ್ದು ಸಿಕ್ಕಿದೆ, ಸಾರ ಸಿಕ್ಕಿದೆ, ಹೆಸರು ಸಿಕ್ಕಿದೆ. ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿಯದು. ಅದು ತಿಳಿಯುವುದಕ್ಕೆ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಸುಳಿವು ಸಿಕ್ಕಿದ್ದು ಆಸ್ಪತ್ರೆಯಲ್ಲೂ ಅಲ್ಲ, ತೋಟಗಾರಿಕೆಯಲ್ಲಿ. 1937ರ ಸುಮಾರಿಗೆ ಅಮೆರಿಕದ ಬ್ಲೇಕ್ಸ್‌ಲೀ ಮುಂತಾದ ಸಸ್ಯವಿಜ್ಞಾನಿಗಳು, ಕಾಲ್ಚಿಸಿನ್ ಸೋಕಿಸಿದ ಸಸಿಗಳಲ್ಲಿ ಜೀವಕೋಶ ಇಬ್ಭಾಗವಾಗದೆ ವರ್ಣತಂತುಗಳು ಮಾತ್ರ ಇಮ್ಮಡಿಯಾಗುವುದನ್ನು ಕಂಡರು. ಜಪಾನಿನ ಹಿತೋಶಿ ಕಿಹಾರಾ ಬೀಜವಿಲ್ಲದ ಕಲ್ಲಂಗಡಿ ಮಾಡಿದ್ದು ಈ ದಾರಿಯಿಂದಲೇ. 1967ರಲ್ಲಿ ಶಿಕಾಗೊದಲ್ಲಿ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ಕಾಲ್ಚಿಸಿನ್ ಹೋಗಿ ಅಂಟಿಕೊಳ್ಳುವ ಪ್ರೋಟೀನನ್ನು ಹಿಡಿದರು. ಈಗ ಅದನ್ನು ಟ್ಯೂಬುಲಿನ್ ಎನ್ನುತ್ತಾರೆ. ಜೀವಕೋಶದ ಒಳಗಿನ ಸಣ್ಣ ಕೊಳವೆಗಳು, ಅದರ ಹಳಿಗಳು, ಕಟ್ಟಿರುವುದು ಇದರಿಂದ. ಹಳಿ ಕಟ್ಟಲು ಬಿಡದಿದ್ದರೆ ಕೋಶ ಒಡೆದು ಎರಡಾಗಲಾರದು. ಬಿಳಿ ರಕ್ತಕಣವಾದರೆ ಊತ ಇರುವಲ್ಲಿಗೆ ಓಡಿಹೋಗಿ ಗಲಾಟೆ ಮಾಡಲಾರದು. ಅಜ್ಜನ ಹೆಬ್ಬೆರಳಲ್ಲಿ ನಡೆಯುತ್ತಿದ್ದುದು ಈ ಗಲಾಟೆ. ಹೊಟ್ಟೆ ಕೆಡುತ್ತಿದ್ದುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ: ಕರುಳಿನ ಒಳಪದರದ ಕೋಶಗಳು ಸದಾ ಒಡೆದು ಹೊಸದಾಗುತ್ತಿರಬೇಕು, ಮದ್ದು ಅದನ್ನೂ ತಡೆಯುತ್ತದೆ.

ಇನ್ನು ಹೃದಯದ ವಿಷಯ. ಇದನ್ನು ‘ಹಳೆ ಔಷಧದ ಹೊಸ ಪವಾಡ’ ಎಂದು ಪತ್ರಿಕೆಗಳು ಬರೆದವು. ನಾನು ಓದಿದಷ್ಟರಲ್ಲಿ ನನಗೆ ಕಂಡದ್ದು ಬೇರೆ. ಔಷಧ ಇದ್ದಲ್ಲೇ ಇತ್ತು. ಜಾಗ ಬದಲಿಸಿದ್ದು ರೋಗ.

ಇಪ್ಪತ್ತನೇ ಶತಮಾನದ ಬಹುಪಾಲು ಹೃದಯದ ರಕ್ತನಾಳದ ರೋಗವೆಂದರೆ ಕೊಳಾಯಿಯ ರೋಗ. ಪೈಪಿನಲ್ಲಿ ಕೊಬ್ಬಿನ ಕೆಸರು ಕಟ್ಟುತ್ತದೆ, ನೀರು ನಿಲ್ಲುತ್ತದೆ. ಇದಕ್ಕೆ ಆಧಾರವೂ ಇತ್ತು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಸಿ ತೋರಿಸಿದ್ದರು. ನಮ್ಮ ಮನೆಯಲ್ಲೂ ಅಪ್ಪನ ಕಾಯಿಲೆಯನ್ನು ಬಂದವರಿಗೆಲ್ಲ ವಿವರಿಸುವುದು ಅಡಿಕೆ ತೋಟದ ಪೈಪಿನ ಉಪಮೆಯಿಂದಲೇ. ಆದರೆ ಅದಕ್ಕೂ ಅರ್ಧ ಶತಮಾನ ಮೊದಲು ಬರ್ಲಿನ್ನಿನ ರುಡಾಲ್ಫ್ ವಿರ್ಖೋ, ಸತ್ತವರ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಬರೀ ಕೆಸರಲ್ಲ, ನಾಳದ ಗೋಡೆಯೇ ಉರಿಯೂತದಿಂದ ಬೇಯುತ್ತಿದೆ ಎಂದಿದ್ದ. ಆ ಮಾತು ಬಹುಕಾಲ ಬದಿಗೆ ಉಳಿಯಿತು. ಅಮೆರಿಕದ ರಸೆಲ್ ರಾಸ್ 1999ರಲ್ಲಿ ಈ ರೋಗವನ್ನು ಉರಿಯೂತದ ರೋಗವೆಂದೇ ಕರೆದು ಲೇಖನ ಬರೆದಾಗ ಮಾತು ಮತ್ತೆ ನಡುಮನೆಗೆ ಬಂತು.

ಇದರಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಹರಳುಗಳ ಕಥೆ. ಗೌಟಿನಲ್ಲಿ ಕೀಲಿನೊಳಗೆ ಯೂರಿಕ್ ಆಮ್ಲ ಸೂಜಿಯಂಥ ಹರಳಾಗುತ್ತದೆ. ಬಿಳಿ ರಕ್ತಕಣ ಅದನ್ನು ನುಂಗುತ್ತದೆ, ಕರಗಿಸಲಾರದೆ ಒಳಗಿನ ಅಪಾಯದ ಗಂಟೆ ಬಾರಿಸುತ್ತದೆ. 2006ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನ ಸಂಶೋಧಕರು ಆ ಗಂಟೆ ಯಾವುದೆಂದು ತೋರಿಸಿದರು. ನಾಲ್ಕು ವರ್ಷದ ಮೇಲೆ, 2010ರಲ್ಲಿ, ಇನ್ನೊಂದು ತಂಡ ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟರಾಲ್ ಕೂಡ ಸಣ್ಣ ಹರಳಾಗುತ್ತದೆ, ಬಿಳಿಕಣ ಅದನ್ನು ನುಂಗಿದಾಗಲೂ ಬಾರಿಸುವುದು ಅದೇ ಗಂಟೆಯನ್ನು ಎಂದಿತು. ಅಜ್ಜನ ಹೆಬ್ಬೆರಳು, ಅಪ್ಪನ ಎದೆ. ಎರಡು ಬೇರೆ ಹರಳು, ಒಂದೇ ಗಂಟೆ. ಇದನ್ನು ಓದಿದ ರಾತ್ರಿ ನಾನು ಅಮ್ಮನಿಗೆ ಫೋನು ಮಾಡಿ ಹೇಳಲು ಹೋಗಿ, ಅವಳು ‘ಅಂದರೆ ಅಪ್ಪನಿಗೂ ಗೌಟ್ ಬರ್ತದಾ?’ ಎಂದು ಗಾಬರಿಯಾದದ್ದರಿಂದ ಅರ್ಧಕ್ಕೇ ಬಿಟ್ಟೆ.

ಗೊತ್ತಾದರೆ ಸಾಲದು, ಯಾರಾದರೂ ಪರೀಕ್ಷೆ ಮಾಡಬೇಕು. ಹೃದಯದ ಹೊರಚೀಲದ ಊತಕ್ಕೆ ಕಾಲ್ಚಿಸಿನ್ ಕೊಡುವುದು 1980ರ ದಶಕದಲ್ಲೇ ಶುರುವಾಗಿತ್ತು, ಇಟಲಿಯ ಮಾಸ್ಸಿಮೊ ಇಮಾಝಿಯೊ ಅದನ್ನು ಕ್ರಮವಾಗಿ ಪರೀಕ್ಷಿಸಿ ಗಟ್ಟಿ ಮಾಡಿದ್ದರು. ಆದರೆ ಹೃದಯಾಘಾತ ತಡೆಯುತ್ತದೆಯೇ ಎಂದು ಕೇಳಬೇಕಾದರೆ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು, ಕೋಟಿಗಟ್ಟಲೆ ಹಣ ಬೇಕು. ಪೇಟೆಂಟ್ ಇಲ್ಲದ, ಕೆಲವೇ ರೂಪಾಯಿಯ ಮಾತ್ರೆಗೆ ಆ ಹಣ ಹಾಕುವ ಕಂಪನಿ ಯಾವುದು? ಇದು ವಾರಸುದಾರರಿಲ್ಲದ ಔಷಧ.

ವಾರಸುದಾರ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹುಟ್ಟುವ ಮೊದಲಿನಿಂದ ಬಳಕೆಯಲ್ಲಿದ್ದ ಕಾಲ್ಚಿಸಿನ್ನಿಗೆ ಅಲ್ಲಿ ವಿಧಿವತ್ತಾದ ಅನುಮತಿಯೇ ಇರಲಿಲ್ಲ. ಇಂಥ ಹಳೆ ಔಷಧಗಳನ್ನು ಪರೀಕ್ಷೆಗೊಡ್ಡಿ ಅನುಮತಿ ಪಡೆಯಿರಿ ಎಂದು ಸಂಸ್ಥೆ ಕರೆ ಕೊಟ್ಟಾಗ ಒಂದು ಕಂಪನಿ 185 ಗೌಟ್ ರೋಗಿಗಳ ಮೇಲೆ ಒಂದು ವಾರದ ಪರೀಕ್ಷೆ ನಡೆಸಿತು. ಆ ಪರೀಕ್ಷೆಯಿಂದ ಒಳ್ಳೆಯದೂ ಆಯಿತು: ಕಡಿಮೆ ಪ್ರಮಾಣದಲ್ಲೂ ನೋವು ಅಷ್ಟೇ ಇಳಿಯುತ್ತದೆ, ಹೊಟ್ಟೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ಗೊತ್ತಾಯಿತು. ಅಜ್ಜ ತಾಸಿಗೊಂದು ನುಂಗಿ ಅನುಭವಿಸಿದ್ದೆಲ್ಲ ಅನಗತ್ಯವಾಗಿತ್ತು. ಆದರೆ 2009ರಲ್ಲಿ ಅನುಮತಿಯ ಜೊತೆಗೆ ಏಕಸ್ವಾಮ್ಯವೂ ಸಿಕ್ಕಿದ್ದರಿಂದ, ಸುಮಾರು 9 ಸೆಂಟ್ ಇದ್ದ ಮಾತ್ರೆಯ ಬೆಲೆ 4.85 ಡಾಲರಿಗೆ ಹಾರಿತು. ಅದೇ ಮಾತ್ರೆ. ಅದರೊಳಗೆ ಹೊಸದೇನೂ ಇಲ್ಲ.

ಹೃದಯದ ಪರೀಕ್ಷೆ ಶುರುವಾದದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಮಾರ್ಕ್ ನಿಡಾರ್ಫ್ ಎಂಬ ಹೃದಯತಜ್ಞರಿಂದ. ಪ್ರಯೋಗದ ಹೆಸರು ಲೊಡೊಕೊ. 532 ರೋಗಿಗಳು, ಅರ್ಧದಷ್ಟು ಜನಕ್ಕೆ ದಿನಕ್ಕೆ 0.5 ಮಿ.ಗ್ರಾಂ. ಕಾಲ್ಚಿಸಿನ್, ಉಳಿದವರಿಗೆ ಏನೂ ಇಲ್ಲ. ಖೊಟ್ಟಿ ಮಾತ್ರೆ ಕೂಡ ಇರಲಿಲ್ಲ, ಯಾರಿಗೆ ಏನು ಸಿಕ್ಕಿದೆ ಎಂದು ರೋಗಿಗೂ ಗೊತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು: ಹೃದಯದ ತೊಂದರೆಗೆ ಒಳಗಾದವರು ಮಾತ್ರೆ ತಿಂದವರಲ್ಲಿ ಶೇ. 5.3, ತಿನ್ನದವರಲ್ಲಿ ಶೇ. 16. ಅನೇಕರು ನಂಬಲೂ ಇಲ್ಲ, ಅದು ಸರಿಯೇ.

ಅಷ್ಟರಲ್ಲಿ ಶ್ರೀಮಂತ ದಾರಿಯೊಂದನ್ನೂ ನೋಡಿದ್ದಾಯಿತು. 2017ರಲ್ಲಿ ಬಾಸ್ಟನ್ನಿನ ಪಾಲ್ ರಿಡ್ಕರ್ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಕನಕಿನುಮಾಬ್ ಎಂಬ ದುಬಾರಿ ಇಂಜೆಕ್ಷನ್ ಪರೀಕ್ಷಿಸಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದರೂ ಹೃದಯಾಘಾತ ಕಡಿಮೆಯಾಗುತ್ತದೆ ಎಂದು ತೋರಿಸಿದರು. ವಿರ್ಖೋ ಗೆದ್ದ. ಆದರೆ ಸೋಂಕಿನಿಂದ ಸತ್ತವರೂ ಹೆಚ್ಚಾದರು. ಇಂಜೆಕ್ಷನ್ ಹೃದಯಕ್ಕೆಂದು ಮಾರುಕಟ್ಟೆಗೆ ಬರಲಿಲ್ಲ. ಮರುವರ್ಷ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಅಗ್ಗದ ಹಳೆ ಮದ್ದನ್ನು ನೋಡಿದರು, ಉಪಯೋಗವಾಗಲಿಲ್ಲ. ಕಾಲ್ಚಿಸಿನ್ ಉಳಿಯಿತು.

ಮುಂದಿನ ಎರಡು ದೊಡ್ಡ ಪರೀಕ್ಷೆಗಳಿಗೆ ಮುಖ್ಯವಾಗಿ ಹಣ ಕೊಟ್ಟದ್ದು ಸಾರ್ವಜನಿಕ ಬೊಕ್ಕಸ. ಕೆನಡಾದ ಕ್ವಿಬೆಕ್ ಸರ್ಕಾರದ ನೆರವಿನಿಂದ ಮಾಂಟ್ರಿಯಲ್ಲಿನ ಜಾನ್-ಕ್ಲೋಡ್ ತಾರ್ದಿಫ್ 4,745 ಜನರನ್ನು, ಹೃದಯಾಘಾತವಾಗಿ ಮೂವತ್ತು ದಿನದೊಳಗೆ, ಸೇರಿಸಿಕೊಂಡರು. 2019ರ ಫಲಿತಾಂಶ: ತೊಂದರೆಗೊಳಗಾದವರು ಶೇ. 7.1ರ ಬದಲು 5.5. ಮರುವರ್ಷ ನಿಡಾರ್ಫ್ ಅವರ ಎರಡನೆಯ ಪ್ರಯೋಗ, ಈ ಸಲ ಖೊಟ್ಟಿ ಮಾತ್ರೆಯ ಸಮೇತ, 5,522 ಜನರ ಮೇಲೆ: ಶೇ. 9.6ರ ಬದಲು 6.8. ಇದನ್ನು ‘ಮೂರನೇ ಒಂದು ಭಾಗ ಅಪಾಯ ಇಳಿಕೆ’ ಎಂದೂ ಹೇಳಬಹುದು, ‘ನೂರು ಜನ ಎರಡು ವರ್ಷದ ಮೇಲೆ ತಿಂದರೆ ಮೂವರಿಗೆ ಲಾಭ’ ಎಂದೂ ಹೇಳಬಹುದು. ಮೊದಲನೆಯದು ಶೀರ್ಷಿಕೆಗೆ ಹೋಗುತ್ತದೆ. ಒಳಗಿನ ಪುಟದಲ್ಲಿ ಇನ್ನೊಂದು ಸಂಖ್ಯೆ ಇತ್ತು: ಹೃದಯಕ್ಕೆ ಸಂಬಂಧಿಸದ ಕಾರಣಗಳಿಂದ ಸತ್ತವರು ಮಾತ್ರೆ ತಿಂದವರಲ್ಲಿ 53, ತಿನ್ನದವರಲ್ಲಿ 35. ಆಕಸ್ಮಿಕವೂ ಇರಬಹುದಾದಷ್ಟು ಅಂತರ. ಆದರೂ ನಾನು ಆ ಸಾಲನ್ನು ಮೂರು ಸಲ ಓದಿದೆ, ಸಂಶೋಧಕಿಯಾಗಿ ಅಲ್ಲ.

2023ರ ಜೂನ್‌ನಲ್ಲಿ ಅಮೆರಿಕ ಹೃದಯಕ್ಕೆಂದೇ 0.5 ಮಿ.ಗ್ರಾಂ. ಮಾತ್ರೆಗೆ ಅನುಮತಿ ಕೊಟ್ಟಿತು. ಯುರೋಪಿನ ಹೃದಯತಜ್ಞರ ಮಾರ್ಗಸೂಚಿಯಲ್ಲಿ 2021ರಲ್ಲಿ ‘ಪರಿಗಣಿಸಬಹುದು’ ಎಂದಿದ್ದದ್ದು 2024ರ ಆಗಸ್ಟ್‌ಗೆ ‘ಪರಿಗಣಿಸಬೇಕು’ ಆಯಿತು. ಕ್ರಿಯಾಪದದ ಕೊನೆ ಬದಲಾಗಿದ್ದಷ್ಟೇ, ಜಗತ್ತಿನಾದ್ಯಂತ ಎಷ್ಟು ಚೀಟಿಗಳಲ್ಲಿ ಒಂದು ಸಾಲು ಹೆಚ್ಚಾಗುತ್ತದೆ.

ಅದಾಗಿ ಎರಡು ತಿಂಗಳಿಗೆ ಕ್ಲಿಯರ್ ಸಿನರ್ಜಿ ಎಂಬ ಪ್ರಯೋಗದ ಫಲಿತಾಂಶ ಬಂತು. 14 ದೇಶ, 7,062 ರೋಗಿಗಳು. ಎಲ್ಲರೂ ಹೃದಯಾಘಾತವಾಗಿ ಆಂಜಿಯೊಪ್ಲಾಸ್ಟಿ ಆದವರು, ಅಂದರೆ ಅಪ್ಪನಂಥವರೇ. ಈವರೆಗಿನ ಅತಿ ದೊಡ್ಡ ಪರೀಕ್ಷೆ. ಮಾತ್ರೆ ತಿಂದವರಲ್ಲಿ ತೊಂದರೆ ಶೇ. 9.1. ಖೊಟ್ಟಿ ಮಾತ್ರೆ ತಿಂದವರಲ್ಲಿ ಶೇ. 9.3. ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಂಡದ್ದು ಭೇದಿಯಲ್ಲಿ: ಶೇ. 10.2ಕ್ಕೆ 6.6. ಕೋವಿಡ್ ಕಾಲದಲ್ಲಿ ನಡೆದ ಪ್ರಯೋಗ, ಮಾತ್ರೆ ನಡುವೆ ಬಿಟ್ಟವರು ಹೆಚ್ಚು, ಆಘಾತದ ಬೆನ್ನಲ್ಲೇ ಕೊಡುವುದಕ್ಕೂ ತಣ್ಣಗಾದ ರೋಗಕ್ಕೆ ಕೊಡುವುದಕ್ಕೂ ಫರಕಿದೆ ಎಂದೆಲ್ಲ ತಜ್ಞರು ವಾದಿಸುತ್ತಿದ್ದಾರೆ. ಇರಬಹುದು. ಹಿಂದಿನ ಫಲಿತಾಂಶ ಒಳ್ಳೆಯದಾಗಿ ಬಂದಾಗ ಇಷ್ಟು ಜನ ಇಷ್ಟು ಕಾರಣ ಹುಡುಕಿರಲಿಲ್ಲ ಎಂಬುದನ್ನೂ ನಾನು ಗಮನಿಸಿದೆ.

ಈ ನಡುವೆ ಗೌರಿಹಬ್ಬಕ್ಕೆ ಊರಿಗೆ ಹೋಗಿದ್ದೆ. ತೋಟದ ಬೇಲಿಯ ಮೇಲೆ ಗೌರಿಹೂ ಅರಳಿತ್ತು. ಹಳದಿಯಿಂದ ಕೆಂಪಿಗೆ ತಿರುಗುವ, ಮೇಲಕ್ಕೆ ಮಡಿಸಿಕೊಂಡ ಎಸಳುಗಳು, ಬಳ್ಳಿಯಾಗಿ ಸುತ್ತಿಕೊಳ್ಳುವ ಎಲೆತುದಿ. ಅಗ್ನಿಶಿಖೆ ಎನ್ನುವುದೂ ಇದನ್ನೇ. ನೇಗಿಲಿನಂತೆ ಬಾಗಿದ ಗಡ್ಡೆಯಿಂದಾಗಿ ಸಂಸ್ಕೃತದಲ್ಲಿ ಲಾಂಗಲಿ, ಆಯುರ್ವೇದ ಇದನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿದೆ. ಹೂ ಕೊಯ್ಯಲು ಹೋದರೆ ಅಜ್ಜಿ ‘ಬೇರು ಮುಟ್ಟಬೇಡ, ಕೈ ತೊಳೆ’ ಎನ್ನುತ್ತಿದ್ದಳು. ಡಯೊಸ್ಕೊರಿಡೆಸನದ್ದೇ ಆತಂಕ, ಅವನ ಹೆಸರು ಕೇಳದವಳ ಬಾಯಲ್ಲಿ. 1915ರಲ್ಲಿ ಮೂವರು ಇಂಗ್ಲಿಷ್ ರಸಾಯನತಜ್ಞರು ಈ ಗಡ್ಡೆಯಲ್ಲೂ ಕಾಲ್ಚಿಸಿನ್ ಇದೆಯೆಂದು ತೋರಿಸಿದರು. ಈಗ ತಮಿಳುನಾಡಿನ ಒಣಸೀಮೆಯ ರೈತರು ಇದನ್ನು ಬೀಜಕ್ಕಾಗಿ ಸಾಲುಹಾಕಿ ಬೆಳೆಯುತ್ತಾರೆ, ಆ ಬೀಜದಿಂದ ಔಷಧ ತೆಗೆಯುತ್ತಾರೆ. ಕಪ್ಪುಸಮುದ್ರದಿಂದ ಬಂತೆಂದು ನಾನು ಎರಡು ತಿಂಗಳು ಹುಡುಕಿದ ವಿಷ ನಮ್ಮ ಬೇಲಿಯಲ್ಲೇ ಇತ್ತು. ಅಜ್ಜ ಪ್ರತಿ ಭಾದ್ರಪದದಲ್ಲಿ ಅದರ ಹೂವನ್ನು ಗೌರಿಗೆ ಏರಿಸಿ, ಒಳಗೆ ಬಂದು ಕಾಲ್ಮಾತ್ರೆ ನುಂಗುತ್ತಿದ್ದರು.

ಅಜ್ಜ ಎಂಬತ್ತನಾಲ್ಕು ವರ್ಷ ಬದುಕಿದರು, ಎದೆನೋವು ಅಂದವರಲ್ಲ. ಮಾತ್ರೆಯಿಂದಲೇ ಇರಬಹುದೇ ಎಂದು ಅಪ್ಪ ಆಸೆಯಿಂದ ಕೇಳಿದರು. ಒಬ್ಬ ಅಜ್ಜನಿಂದ ಏನನ್ನೂ ಹೇಳಲಾಗದು ಎಂದು ವಿವರಿಸಿದೆ. ಅಪ್ಪನಿಗೆ ಬೇಸರವಾಯಿತು.

ಡಿಸೆಂಬರಿನ ತಪಾಸಣೆಗೆ ಹೊರಡುವ ಹಿಂದಿನ ರಾತ್ರಿ ಮಾತ್ರೆಯ ಪಟ್ಟಿಗಳನ್ನು ಎಣಿಸಿಟ್ಟೆ. ಕಾಲ್ಚಿಸಿನ್ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಅರವತ್ತಕ್ಕೂ ಹೆಚ್ಚು ಉಳಿದಿದ್ದವು. ಕೇಳಿದ್ದಕ್ಕೆ ಅಪ್ಪ ಮೊದಲು ಸುಮ್ಮನಿದ್ದು, ಆಮೇಲೆ, ಹೊಟ್ಟೆ ಸರಿಯಿರಲಿಲ್ಲ, ಹಬ್ಬ ಕಳೆದ ಮೇಲೆ ಬಿಟ್ಟೆ, ನೀನು ಅಷ್ಟು ಓದುತ್ತಿದ್ದೆಯಲ್ಲ, ಹೇಳಲು ಮನಸ್ಸಾಗಲಿಲ್ಲ ಎಂದರು. ನಿಡಾರ್ಫ್ ಅವರ ಎರಡನೆಯ ಪ್ರಯೋಗದಲ್ಲಿ ಮೊದಲ ತಿಂಗಳು ಎಲ್ಲರಿಗೂ ಮಾತ್ರೆ ಕೊಟ್ಟು ನೋಡಿ, ಒಗ್ಗದೆ ಬಿಟ್ಟವರನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ಆ ಆರು ಸಾವಿರ ಚಿಲ್ಲರೆಯಲ್ಲಿ ಹಾಗೆ ಹೊರಗುಳಿದ ಸಾವಿರದಷ್ಟು ಜನರ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ.

ಮರುದಿನ ಡಾಕ್ಟರು ಮೂತ್ರಪಿಂಡದ ರಿಪೋರ್ಟು ನೋಡಿದರು, ಈಚೆಗೆ ಕೆಮ್ಮಿಗೆಂದು ಬೇರೆ ಯಾರಾದರೂ ಕ್ಲಾರಿಥ್ರೊಮೈಸಿನ್ ಕೊಟ್ಟಿದ್ದರೇ ಎಂದು ಕೇಳಿದರು. ಅದರ ಜೊತೆ ಸೇರಿದರೆ ಕಾಲ್ಚಿಸಿನ್ ರಕ್ತದಲ್ಲಿ ಏರಿ ಜೀವಕ್ಕೇ ಎರವಾಗಬಹುದಂತೆ. ಇಲ್ಲ ಎಂದೆವು. ನಾನು ಹೊಸ ಪ್ರಯೋಗದ ಮಾತು ಎತ್ತುವ ಮೊದಲೇ ಅವರು, ‘ಹೊಸ ರಿಸಲ್ಟ್ ಬಂದಿದೆ, ಓದಿದೆ. ನಿಮಗೆ ಒಗ್ಗುತ್ತಿಲ್ಲ ಅಂದಮೇಲೆ ಸದ್ಯಕ್ಕೆ ಬೇಡ. ಆರು ತಿಂಗಳು ಬಿಟ್ಟು ನೋಡೋಣ’ ಎಂದು ಆರನೆಯ ಸಾಲಿನ ಮೇಲೆ ಗೆರೆ ಎಳೆದರು. ಅಪ್ಪ ಅಲ್ಲೇ ಕೂತು ನನ್ನತ್ತ ನೋಡಿ ನಕ್ಕರು. ಉಳಿದ ಮಾತ್ರೆಗಳನ್ನು ಅಮ್ಮ ಎಸೆಯಲಿಲ್ಲ. ಅಜ್ಜನ ತಗಡಿನ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಗೂಡಿನಲ್ಲಿ ಇಟ್ಟಿದ್ದಾಳೆ.